ಗದ್ದೆಯಿಲ್ಲದ ಊರಿನ ಪುತ್ತರಿ

ಕೊಡಗಿನಲ್ಲಿ ಹೊಸ ಅಕ್ಕಿಯ ಹಬ್ಬವಾದ ಪುತ್ತರಿಯ ಹೊತ್ತು ಗೊತ್ತಾಗುವುದು ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುವ ಹುಣ್ಣಿಮೆಯ ಆಸುಪಾಸಿನಲ್ಲಿ ರೋಹಿಣಿ ನಕ್ಷತ್ರ ನೋಡಿ ಮೂರು ಮುಹೂರ್ತ ಇಡುತ್ತಾರೆ. ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟಲು ಒಂದು, ಕದಿರು ತೆಗೆಯಲು ಒಂದು, ಊಟಕ್ಕೆ ಒಂದು. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದ ಒಕ್ಕದವರು ದೀಪ ಹಿಡಿದು ಗದ್ದೆಗೆ ಇಳಿಯುತ್ತಾರೆ. ಕೋವಿಯಿಂದ ಗುಂಡು ಹಾರುತ್ತದೆ. ‘ಪೊಲಿ ಪೊಲಿ ದೇವಾ’ ಎಂಬ ಕೂಗಿನ ನಡುವೆ ಹೊಸ ತೆನೆಗೆ ಕುಡುಗೋಲು ತಾಗುತ್ತದೆ. ಮನೆಗೆ ತಂದ ಕದಿರನ್ನು ಕಂಬಕ್ಕೆ, ಬಾಗಿಲಿಗೆ, ಕಣಜವಾದ ಪತ್ತಾಯಕ್ಕೆ ಕಟ್ಟುತ್ತಾರೆ. ಅದರ ಕೆಲವು ಕಾಳು ಸುಲಿದು ಪಾಯಸಕ್ಕೆ ಹಾಕುತ್ತಾರೆ. ಹೊಸ ಅಕ್ಕಿ ಬಿದ್ದ ಆ ಪಾಯಸ, ಹುರಿದಕ್ಕಿಯ ಹಿಟ್ಟಿಗೆ ಕಳಿತ ಮರಬಾಳೆ ಕಿವುಚಿ ಎಳ್ಳು, ತೆಂಗಿನತುರಿ ಸೇರಿಸಿದ ತಂಬುಟ್ಟು, ಬೇಯಿಸಿದ ಪುತ್ತರಿ ಗೆಣಸು. ಆ ರಾತ್ರಿಯ ಎಲೆಯ ಮೇಲೆ ಇವು ಇರಲೇಬೇಕು.

ಈ ಹಬ್ಬಕ್ಕೆ ಬೇಕಾದವುಗಳಲ್ಲಿ ಇವತ್ತು ಎಲ್ಲಕ್ಕಿಂತ ಕಷ್ಟಪಟ್ಟು ಹುಡುಕಬೇಕಾಗಿರುವುದು ಗದ್ದೆಯನ್ನು. ತಂಬುಟ್ಟಿನ ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ. ಮರಬಾಳೆ, ಗೆಣಸು ಸಂತೆಯಲ್ಲಿ ಸಿಗುತ್ತವೆ. ಮನೆ ಮುಂದಿನ ಬಯಲು ಮಾತ್ರ ಪಾಳು ಬಿದ್ದಿದೆ, ಇಲ್ಲವೇ ಶುಂಠಿಗೆ ಗುತ್ತಿಗೆ ಹೋಗಿದೆ, ಇಲ್ಲವೇ ಮಣ್ಣು ತುಂಬಿಸಿಕೊಂಡು ನಿವೇಶನವಾಗಿದೆ. ಅಂಥ ಒಕ್ಕದವರು ನೆರೆಯವರ ಗದ್ದೆಗೆ ಹೋಗಿ ಕದಿರು ತೆಗೆಯುತ್ತಾರೆ. ಹಬ್ಬಕ್ಕೆಂದೇ ಒಂದು ತುಂಡು ಗದ್ದೆಯಲ್ಲಿ ನಾಟಿ ಮಾಡಿ ಕಾಯ್ದುಕೊಳ್ಳುವವರೂ ಇದ್ದಾರೆ. ಹಬ್ಬ ನಿಂತಿಲ್ಲ, ಅದು ಸಂತೋಷ. ಅದರ ಕಾಲ ಕೆಳಗಿನ ನೆಲ ಸರಿಯುತ್ತಿದೆ ಎಂಬುದು ಈ ಬರಹದ ಚಿಂತೆ.

ಕೊಡಗಿನ ಅಡುಗೆಯ ಬಗ್ಗೆ ಇವತ್ತು ಮಾತಿಗೆ ಬರವಿಲ್ಲ. ಹೋಂಸ್ಟೇಗಳ ಫಲಕದಲ್ಲಿ ಪಂದಿ ಕರಿಯ ಹೆಸರಿದೆ, ಬೆಂಗಳೂರಿನ ಹೋಟೆಲುಗಳಲ್ಲಿ ಕಡಂಬುಟ್ಟು ಸಿಗುತ್ತದೆ, ಮೊಬೈಲಿನಲ್ಲಿ ನೂಪುಟ್ಟು ಒತ್ತುವ ವಿಡಿಯೋಗಳಿವೆ. ಬರೆದಿಡುವ ಕೆಲಸವಂತೂ ಬೇಗನೆ ಶುರುವಾಯಿತು. 1924ರಲ್ಲೇ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ ಹಾಡು, ಹಬ್ಬ, ಆಚಾರಗಳನ್ನು ಸಂಗ್ರಹಿಸಿ ಕೊಟ್ಟರು. ವಿರಾಜಪೇಟೆಯಲ್ಲಿ ಹುಟ್ಟಿ ದೇಶದ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ; ಹೆಣ್ಣೆಂಬ ಕಾರಣಕ್ಕೆ ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋಗಿ 1979ರಲ್ಲಿ ನ್ಯಾಯ ಪಡೆದವರು. ನಿವೃತ್ತಿಯಾದ ಮೇಲೆ ಅವರು ಪಿ. ಗಂಗಮ್ಮನವರ ಜೊತೆ ಕೊಡವ ಅಡುಗೆಯ ಪುಸ್ತಕವೊಂದನ್ನು ಬರೆದರು. ರಾಯಭಾರಿಯಾಗಿ ದೇಶದೇಶ ಸುತ್ತಿದವರೊಬ್ಬರು ಕೊನೆಗೆ ಅವ್ವನ ಒಲೆಯ ಲೆಕ್ಕ ಬರೆದಿಡುವುದು ತಮ್ಮ ಕೆಲಸ ಎಂದುಕೊಂಡರಲ್ಲ, ಅದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮಾಡುವ ಬಗೆ ಉಳಿಯಿತು. ಮಾಡಲು ಬೇಕಾದ ಪದಾರ್ಥ ಉಳಿಯಲಿಲ್ಲ. ಕೊಡಗಿನ ಅಡುಗೆಯನ್ನು ಉಳಿಸುವ ಮಾತು ಬಂದಾಗಲೆಲ್ಲ ನಾವು ಒಲೆಯ ಕಡೆ ನೋಡುತ್ತೇವೆ. ನೋಡಬೇಕಾದ್ದು ಕಿಟಕಿಯಾಚೆ.

ಅಕ್ಕಿಯೊಂದೇ, ರೂಪ ಹಲವು

ಹೊರಗಿನವರಿಗೆ ಕೊಡಗೆಂದರೆ ಮಾಂಸದ ಊಟ. ಒಳಗೆ ಕೂತು ನೋಡಿದರೆ ಅದು ಅಕ್ಕಿಯ ಅಡುಗೆ; ಮಾಂಸ ಅದಕ್ಕೆ ಜೊತೆ. ಕುಟ್ಟಿದ ಅಕ್ಕಿಯ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಟ್ಟರೆ ಕಡಂಬುಟ್ಟು. ಅದೇ ತರಿಗೆ ಹಾಲು, ತೆಂಗಿನತುರಿ ಬೆರೆಸಿ ತಟ್ಟೆಯಲ್ಲಿ ಹಬೆಗಿಟ್ಟರೆ ಪಾಪುಟ್ಟು. ಹಿಟ್ಟನ್ನು ಬೇಯಿಸಿ ಒರಳಿನಲ್ಲಿ ಎಳೆಎಳೆಯಾಗಿ ಒತ್ತಿದರೆ ನೂಪುಟ್ಟು. ರುಬ್ಬಿ ಹುದುಗು ಬರಿಸಿ ತಟ್ಟೆಗೆ ಹೊಯ್ದರೆ ತಳಿಯ ಪುಟ್ಟು. ಹಲಸಿನ ಹಣ್ಣಿನ ಕಾಲದಲ್ಲಿ ತೊಳೆಯನ್ನು ಕಿವುಚಿ ತರಿಯೊಂದಿಗೆ ಕಲಸಿ ಎಲೆಯಲ್ಲಿ ಸುತ್ತಿ ಬೇಯಿಸಿದರೆ ಕೂವಳೆ ಪುಟ್ಟು. ರಾತ್ರಿ ಉಳಿದ ಅನ್ನಕ್ಕೆ ಅಕ್ಕಿಹಿಟ್ಟು ಸೇರಿಸಿ ನಾದಿ, ಕಾವಲಿಯ ಮೇಲೆ ಬಾಡಿಸಿ, ಕೆಂಡದ ಮೇಲೆ ಉಬ್ಬಿಸಿದರೆ ಬೆಳಗಿನ ಅಕ್ಕಿ ಒಟ್ಟಿ. ಇಷ್ಟೂ ಅಡುಗೆ ಒಂದೇ ಧಾನ್ಯದ್ದು, ಅದೂ ವರ್ಷಕ್ಕೊಂದೇ ಬೆಳೆ ಕೊಡುವ ಬಯಲಿನದು.

ಆ ಬಯಲು ಬರೀ ಅಕ್ಕಿ ಕೊಡುತ್ತಿರಲಿಲ್ಲ. ಮುಂಗಾರಿನ ಹೊಸ ನೀರು ಹೊಳೆಯಿಂದ ಗದ್ದೆಗೆ ಏರಿದಾಗ ಜೊತೆಗೆ ಏರಿ ಬರುವ ಸಣ್ಣ ಮೀನುಗಳನ್ನು ಬಿದಿರಿನ ಕೂಳಿ ಒಡ್ಡಿ ಹಿಡಿಯುತ್ತಿದ್ದರು. ಇಂಥ ಕೊಯ್ಲೆ ಮೀನಿನ ಸಾರು ಮಳೆಗಾಲದ ಬಹು ದೊಡ್ಡ ಸುಖ. ಬದುವಿನ ಬಿಲದಲ್ಲಿ ಏಡಿ. ಬದುವಿನ ಮೇಲೆ ಯಾರೂ ನೆಡದೆ ಬೆಳೆಯುವ ಕೆಂಬು, ಅಂದರೆ ಕೆಸುವು. ಅದರ ದಂಟು, ಎಲೆ ಎರಡೂ ಕರಿಗೆ ಬರುತ್ತವೆ. ತೋಡಿನ ಅಂಚಿನಲ್ಲಿ ತುದಿ ಸುರುಳಿ ಸುತ್ತಿಕೊಂಡ ಎಳೆಯ ಜರಿಗಿಡ, ಕೊಡವರ ತೆರ್ಮೆ ತೊಪ್ಪು. ಇವಕ್ಕೆಲ್ಲ ಬೇಕಾದ್ದು ನಿಂತ ನೀರು, ಹರಿವ ತೋಡು, ವಿಷ ಬೀಳದ ಮಣ್ಣು. ಗದ್ದೆಯಲ್ಲಿ ಶುಂಠಿ ಹಾಕಿದ ವರ್ಷ ನೀರು ಬಸಿದು ಹೋಗಲು ಆಳವಾದ ಚರಂಡಿ ತೋಡುತ್ತಾರೆ, ಕೊಳೆರೋಗಕ್ಕೆ ಔಷಧಿ ಸುರಿಯುತ್ತಾರೆ. ಮೀನಿಗೂ ಏಡಿಗೂ ಅಲ್ಲಿ ಉಳಿಗಾಲವಿಲ್ಲ. ಅಂಗಡಿಯಿಂದ ಅಕ್ಕಿ ತರಬಹುದು. ಕೊಯ್ಲೆ ಮೀನನ್ನು ಯಾವ ಅಂಗಡಿಯಿಂದ ತರುವುದು?

ಹಬ್ಬಗಳ ಲೆಕ್ಕವೂ ಇದೇ ಬಯಲಿನಲ್ಲಿ ಕೂಡಿದೆ. ಮೇ, ಜೂನ್‌ನಲ್ಲಿ ಅಗೆ ಹಾಕಿ, ಜುಲೈ ಆಗಸ್ಟಿನಲ್ಲಿ ನಾಟಿ ಮುಗಿಸಿ, ದೊಡ್ಡ ಗದ್ದೆಯಲ್ಲಿ ನಡುವೆ ಜಾಗ ಬಿಟ್ಟು ನಾಟಿ ಓಟ ಓಡುತ್ತಿದ್ದರು. ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ. ನಾಟಿಯ ದಣಿವಾರಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್. ಕೋವಿ, ಕತ್ತಿಗಳಿಗೆ ಪೂಜೆ, ಕಡಂಬುಟ್ಟು, ಪಂದಿ ಕರಿ. ಆಮೇಲೆ ತೆನೆ ಕಾಯುವ ಕಾಲ, ಕೊನೆಗೆ ಪುತ್ತರಿ. ಕೆಲಸ ಮುಗಿದದ್ದಕ್ಕೆ ಊಟ, ಫಲ ಬಂದದ್ದಕ್ಕೆ ಊಟ. ಕೆಲಸ ತೆಗೆದುಬಿಟ್ಟರೆ ಉಳಿಯುವುದು ಕ್ಯಾಲೆಂಡರಿನ ಕೆಂಪು ಅಂಕಿ ಮಾತ್ರ.

ಬಾಣೆ ಮೇಲೆದ್ದು ಗದ್ದೆ ಕೆಳಗಾಯಿತು

ಕೊಡಗಿನ ಜಮ್ಮಾ ಹಿಡುವಳಿಯನ್ನು ಬಲ್ಲವರಿಗೆ ಇನ್ನೊಂದು ವಿಷಯ ಗೊತ್ತು. ರಾಜರ ಕಾಲದಿಂದ ಬಂದ ಆ ಪದ್ಧತಿಯಲ್ಲಿ ಮುಖ್ಯ ಆಸ್ತಿ ಗದ್ದೆ. ಗದ್ದೆಯನ್ನು ಅಳೆಯುತ್ತಿದ್ದದ್ದೂ ಬಟ್ಟಿ ಲೆಕ್ಕದಲ್ಲಿ, ಇಷ್ಟು ಬಟ್ಟಿ ಭತ್ತ ಬೆಳೆಯುವ ನೆಲ ಎಂದು. ಮೇಲಿನ ಬಾಣೆ ಆ ಗದ್ದೆಯ ಸೇವೆಗೆ ಬಿಟ್ಟ ಕಾಡು: ದನ ಮೇಯಲು, ಸೊಪ್ಪು ಗೊಬ್ಬರಕ್ಕೆ, ಸೌದೆಗೆ, ಮನೆ ಕಟ್ಟುವ ಮರಕ್ಕೆ. ಬಾಣೆಗೆ ಕಂದಾಯವಿರಲಿಲ್ಲ, ಏಕೆಂದರೆ ಅದು ಗದ್ದೆಯ ಅಂಗವಾಗಿತ್ತು.

ಬ್ರಿಟಿಷರು 1834ರಲ್ಲಿ ಕೊಡಗನ್ನು ವಶ ಮಾಡಿಕೊಂಡರು. ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದದ್ದು 1854ರಲ್ಲಿ. ಅಲ್ಲಿಂದ ಲೆಕ್ಕ ನಿಧಾನವಾಗಿ ತಿರುಗಿತು. ಗದ್ದೆಯ ಸೇವೆಗಿದ್ದ ಬಾಣೆ ಹಣ ಕೊಡುವ ತೋಟವಾಯಿತು; ಮನೆ ನಡೆಸುತ್ತಿದ್ದ ಗದ್ದೆ ತೋಟದ ವರಮಾನದಲ್ಲಿ ಸಾಗುವ ಹೊರೆಯಾಯಿತು. ಕೊನೆಯ ಜೋರು ತಳ್ಳು ಬಂದದ್ದು 1990ರ ದಶಕದಲ್ಲಿ. ಕಾಫಿ ಮಂಡಳಿಗೇ ಬೆಳೆ ಒಪ್ಪಿಸಬೇಕೆಂಬ ಕಟ್ಟು ಹಂತಹಂತವಾಗಿ ಸಡಿಲವಾಗುತ್ತಿದ್ದ ಹೊತ್ತಿಗೆ, 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಬೆಲೆ ಹಾರಿತು. ದೂರದ ಆ ಹಿಮದ ಹಣದಿಂದ ಕೊಡಗಿನಲ್ಲಿ ಮನೆಗಳು ಎದ್ದವು, ಜೀಪುಗಳು ಬಂದವು, ಗದ್ದೆಯ ಅಂಚಿನವರೆಗೂ ಕಾಫಿ ಇಳಿಯಿತು.

ಈಚಿನ ಲೆಕ್ಕವೂ ನೋಡಿ. 2024–25ರಲ್ಲಿ ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2300 ಇತ್ತು. ಅದೇ 2024ರಲ್ಲಿ 50 ಕಿಲೋ ರೋಬಸ್ಟಾ ಚೆರ್ರಿಯ ಚೀಲ ₹10,000 ದಾಟಿತು. ಭತ್ತಕ್ಕೆ ಉಳುವ, ನೆಡುವ, ಕೊಯ್ಯುವ ಕೂಲಿ ಬೇರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಿರು ಗದ್ದೆಗಳಿಗೆ ದೊಡ್ಡ ಕಟಾವು ಯಂತ್ರ ಇಳಿಯದು. ತೆನೆ ಹಾಲು ತುಂಬುವ ಹೊತ್ತಿಗೆ ಆನೆ ಬರುತ್ತದೆ; ಒಂದು ರಾತ್ರಿ ಸಾಕು. ತಿತಿಮತಿ, ಮಾಲ್ದಾರೆ ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು ಸುತ್ತಿನ ಬೆಟ್ಟಗಳು ಕುಸಿದಾಗ ಮಣ್ಣು, ಮರದ ದಿಮ್ಮಿ ಬಂದು ನಿಂತದ್ದೂ ತಗ್ಗಿನ ಗದ್ದೆಗಳಲ್ಲೇ. ಹೂಳೆತ್ತಿ ಮತ್ತೆ ಗದ್ದೆ ಮಾಡುವ ಖರ್ಚು ಆ ಗದ್ದೆಯಿಂದ ಹತ್ತು ವರ್ಷಕ್ಕೂ ಹುಟ್ಟದು. ಹೀಗಿರುವಾಗ ಗದ್ದೆ ಬಿಟ್ಟವರನ್ನು ದೂರುವ ಮನಸ್ಸು ನನಗಿಲ್ಲ. ಬಿಡದೆ ಇರುವವರು ನಷ್ಟದ ಬೆಲೆ ತೆತ್ತು ಎಲ್ಲರ ಹಬ್ಬ ಕಾಯುತ್ತಿದ್ದಾರೆ ಎಂಬುದನ್ನು ಮಾತ್ರ ಹೇಳಬೇಕು.

ಕಕ್ಕಡದ ಹದಿನೆಂಟು

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕಕ್ಕಡ. ತುಳುವರಿಗೆ, ಅರೆಭಾಷೆ ಗೌಡರಿಗೆ ಅದೇ ಆಟಿ. ಭಾಗಮಂಡಲ, ನಾಪೋಕ್ಲು ಕಡೆ ವಾರಗಟ್ಟಲೆ ಸೂರ್ಯ ಕಾಣದ ಕಾಲ, ಕೆಸರಿನಲ್ಲಿ ನಾಟಿ ನಡೆಯುವ ಕಾಲ. ಮೈ ಬೆಚ್ಚಗಿಡುವ ಎಲ್ಲವೂ ಈ ತಿಂಗಳ ಅಡುಗೆಗೆ ಬರುತ್ತದೆ: ಏಡಿ, ನಾಟಿಕೋಳಿ, ಹಲಸಿನ ಬೀಜ, ಕಾಳುಮೆಣಸು.

ಆಗಸ್ಟ್ 3ರ ಸುಮಾರಿಗೆ ಬೀಳುವ ಕಕ್ಕಡದ ಹದಿನೆಂಟನೆಯ ದಿನಕ್ಕೆ ಮದ್ದು ಸೊಪ್ಪು. ಸಸ್ಯಶಾಸ್ತ್ರದಲ್ಲಿ ಜಸ್ಟಿಸಿಯಾ ವೈನಾಡೆನ್ಸಿಸ್ ಎಂದು ಹೆಸರಿರುವ ಈ ಕುಳ್ಳ ಗಿಡ ತೋಡಿನ ಬದಿಯ, ತೋಟದಂಚಿನ ನೆರಳಲ್ಲಿ ಬೆಳೆಯುತ್ತದೆ. ಆ ದಿನ ಇದರಲ್ಲಿ ಹದಿನೆಂಟು ಬಗೆಯ ಔಷಧಿ ತುಂಬಿರುತ್ತದೆ ಎಂಬುದು ನಂಬಿಕೆ. ದಂಟು ಸಮೇತ ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ, ಅಡುಗೆಮನೆಯಿಡೀ ಒಂದು ಹಸಿರು ಘಮ. ಅದೇ ನೀರಲ್ಲಿ ಅಕ್ಕಿ ಬೇಯಿಸಿ ಬೆಲ್ಲ ಹಾಕಿದರೆ ಪಾಯಸ; ತರಿ ಹಾಕಿ ಹಬೆಯಲ್ಲಿಟ್ಟರೆ ಪುಟ್ಟು. ಮರುದಿನ ಮೂತ್ರ ಕೆಂಪಗಾಗುವುದನ್ನು ನೋಡಿ ಮಕ್ಕಳು ಹೆದರುವುದು, ದೊಡ್ಡವರು ಮದ್ದು ಮೈಗೆ ಹತ್ತಿತು ಎನ್ನುವುದು ಮನೆಮನೆಯ ಮಾತು.

ಈಗ ಪಟ್ಟಣದ ಮಾರುಕಟ್ಟೆಯಲ್ಲಿ ಆ ಹೊತ್ತಿಗೆ ಸೊಪ್ಪಿನ ಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಕೊಡವ ಸಮಾಜಗಳು, ಗೌಡ ಸಮಾಜಗಳು ಕಕ್ಕಡದ, ಆಟಿಯ ಊಟ ಏರ್ಪಡಿಸುತ್ತವೆ. ನಗರದಲ್ಲಿ ಬೆಳೆದ ಮಕ್ಕಳು ಆ ನೇರಳೆ ಪಾಯಸವನ್ನು ಮೊದಲ ಸಲ ತಿನ್ನುವುದು ಅಲ್ಲಿಯೇ. ಇದರಿಂದ ಒಳ್ಳೆಯದೇ ಆಗಿದೆ. ಆದರೆ ಕಳೆ ಕೊಚ್ಚುವ ಆಳು ಸಿಗದೆ ತೋಟಕ್ಕೆ ಕಳೆನಾಶಕ ಹೊಡೆದರೆ ಮೊದಲು ಸಾಯುವುದು ಇಂಥ ಗಿಡಗಳೇ. ಮದ್ದು ಸೊಪ್ಪು, ಕೆಂಬು, ತೆರ್ಮೆ, ಒಂದೆಲಗ ಎಲ್ಲವೂ ತೋಟದ ಲೆಕ್ಕದಲ್ಲಿ ಕಳೆ. ಅಡುಗೆಯವಳ ಕಣ್ಣಿಗೆ ಸೊಪ್ಪಾಗಿದ್ದದ್ದು ತೋಟದ ರೈಟರ, ಅಂದರೆ ಗುಮಾಸ್ತರ, ಪುಸ್ತಕದಲ್ಲಿ ಕಳೆಯಾದಾಗ ಯಾರೂ ಒಂದು ಮಾತು ಆಡಲಿಲ್ಲ.

ಅಣಬೆಯ ಪಾಡೂ ಅಷ್ಟೇ. ಮೊದಲ ಗುಡುಗು ಮಳೆಗೆ ಹುತ್ತದ ಮೇಲೆ ಏಳುವ ಕುಮ್ಮು ಗೆದ್ದಲಿನ ಜೊತೆಯಲ್ಲೇ ಬದುಕುವ ಅಣಬೆ. ಗೆದ್ದಲು ನೆಲದಡಿಯ ಗೂಡಿನಲ್ಲಿ ಅದನ್ನು ಸಾಕುತ್ತದೆ, ಅದು ಗೆದ್ದಲಿಗೆ ಆಹಾರ ಹದ ಮಾಡಿಕೊಡುತ್ತದೆ. ಪೇಟೆಯ ಅಣಬೆಯ ಹಾಗೆ ಅದನ್ನು ಹುಲ್ಲಿನ ಚೀಲದಲ್ಲಿ ಬೆಳೆಯಲು ಬರುವುದಿಲ್ಲ. ಮನೆಗೆ ಗೆದ್ದಲು ಬಂತೆಂದು ಸುತ್ತಲಿನ ಹುತ್ತಗಳಿಗೆ ವಿಷ ಹೊಯ್ದರೆ ಆ ಜಾಗದ ಅಣಬೆಯೂ ಮುಗಿಯಿತು. ಬೈಂಬಳೆಗೆ, ಎಂದರೆ ಕಳಲೆಗೆ, ಬೇರೆ ಕಷ್ಟ. ಎಳೆಯ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೆಚ್ಚಿ, ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿದ ಮೇಲೆಯೇ ಅದು ಉಣ್ಣಲು ಯೋಗ್ಯ. ಈ ತಿಳಿವು ಪ್ರತಿ ಮನೆಯಲ್ಲಿತ್ತು. ಹೆಬ್ಬಿದಿರು ನಾಲ್ಕೈದು ದಶಕಕ್ಕೊಮ್ಮೆ ಒಟ್ಟಾಗಿ ಹೂಬಿಟ್ಟು ಒಟ್ಟಾಗಿ ಸಾಯುತ್ತದೆ. ಸತ್ತ ಮೆಳೆಯ ಜಾಗದಲ್ಲಿ ಸಸಿ ಎದ್ದು ಮೆಳೆಯಾಗುವಷ್ಟರಲ್ಲಿ ಕಳಲೆ ತಿಳಿಯದ ತಲೆಮಾರೊಂದು ಬೆಳೆದುಬಿಟ್ಟಿರುತ್ತದೆ. ಕಾಡಿನಿಂದ ತಂದರೆ ಅರಣ್ಯ ಇಲಾಖೆಯ ಭಯ ಬೇರೆ.

ಜೇನು ಮತ್ತು ಕಿತ್ತಳೆಯ ಕಥೆ ಎಲ್ಲರೂ ಬಲ್ಲದ್ದು, ಉದ್ದ ಮಾಡುವುದಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಗೂಡುಗಳು ಖಾಲಿಯಾದವು. ಕೊಡಗಿನ ಕಿತ್ತಳೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟರಲ್ಲಿ ರೋಗಕ್ಕೆ ಸಿಕ್ಕಿ ಗಿಡಗಳು ವಿರಳವಾಗಿದ್ದವು.

ಕಪ್ಪು ಹುಳಿ

ಪಂದಿ ಕರಿಯ ಬಣ್ಣ ಬರುವುದು ಎರಡು ಕಡೆಯಿಂದ: ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಣಸುಗಳನ್ನು ಕಪ್ಪಾಗುವ ತನಕ ಹುರಿದ ಪುಡಿಯಿಂದ ಮತ್ತು ಕಾಚಂಪುಳಿಯಿಂದ. ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣಿನದು ಈ ಕಾಚಂಪುಳಿ. ಕೇರಳದವರು ಅದೇ ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಕುಡಂಪುಳಿ ಮಾಡುತ್ತಾರೆ. ಶಿರಸಿ ಸೀಮೆಯವರು ಸಿಪ್ಪೆ ಒಣಗಿಸಿ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನವರು ರಸಕ್ಕೇ ಕೈ ಹಾಕಿದರು.

ಮಳೆಗಾಲದಲ್ಲಿ ಹಳದಿಯಾಗಿ ಉದುರುವ ಹಣ್ಣನ್ನು ಆರಿಸಿ ತಂದು ಬುಟ್ಟಿಯಲ್ಲಿ ರಾಶಿ ಹಾಕುತ್ತಾರೆ. ಕೆಳಗೊಂದು ಪಾತ್ರೆ. ಹಣ್ಣು ಮೆತ್ತಗಾಗಿ ತಾನಾಗಿ ರಸ ಬಿಡುತ್ತದೆ, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅದನ್ನು ಸೋಸಿ ಸಣ್ಣ ಉರಿಯಲ್ಲಿ ಕುದಿಸಬೇಕು. ತಿಳಿಯಾಗಿದ್ದ ರಸ ಕಂದು ಬಣ್ಣಕ್ಕೆ ಬಂದು, ಕಪ್ಪಾಗಿ, ಕೊನೆಗೆ ಜೋನಿಬೆಲ್ಲದಂತೆ ದಪ್ಪಗಾಗುತ್ತದೆ. ದೊಡ್ಡ ಪಾತ್ರೆಯ ರಸ ಇಳಿದು ಇಳಿದು ಸಣ್ಣ ಶೀಸೆಯಷ್ಟಾದೀತು. ಚೆನ್ನಾಗಿ ಕಾಯಿಸಿದ ಕಾಚಂಪುಳಿ ವರ್ಷಗಟ್ಟಲೆ ಕೆಡುವುದಿಲ್ಲ, ಮತ್ತು ಒಂದು ಚಮಚ ಹೆಚ್ಚಾದರೂ ಕರಿ ಬಾಯಿಗಿಡಲಾಗದಷ್ಟು ಹುಳಿ. ಎಷ್ಟು ಹಾಕಬೇಕೆಂಬುದು ಶೀಸೆಯ ಮೇಲೆ ಬರೆದಿರುವುದಿಲ್ಲ. ಆಯಾ ವರ್ಷದ ಕಾಚಂಪುಳಿಯನ್ನು ಬೆರಳಲ್ಲಿ ಮುಟ್ಟಿ ನಾಲಗೆಗೆ ಇಟ್ಟು ನಿರ್ಧರಿಸುತ್ತಾರೆ. ಈಗ ತೆಳ್ಳನೆಯ ಕಾಚಂಪುಳಿ ಮಾರಾಟವಾಗುತ್ತದೆ, ವಿನೆಗರ್ ಹಾಕಿದ ಪಂದಿ ಕರಿ ಹೋಟೆಲಿನಲ್ಲಿ ಸಿಗುತ್ತದೆ. ಅದನ್ನೇ ಕೊಡಗಿನ ರುಚಿ ಎಂದು ತಿಂದು ಹೋಗುವ ಪ್ರವಾಸಿಗೆ ಏನು ತಪ್ಪಿತೆಂದು ಯಾರು ಹೇಳುತ್ತಾರೆ?

ಪಂದಿಯೂ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತು ಕಾಡುಹಂದಿಯ ಜಾಗಕ್ಕೆ ಸಾಕಿದ ಹಂದಿ ಬಂತು. ಆ ಬದಲಾವಣೆಯನ್ನು ಅಡುಗೆ ತಾಳಿಕೊಂಡಿತು, ಮಸಾಲೆಯೂ ಹುಳಿಯೂ ಹಾಗೇ ಇದ್ದುದರಿಂದ. ಪರಂಪರೆಯ ಅಡುಗೆ ಕಲ್ಲಿನಲ್ಲಿ ಕೆತ್ತಿಟ್ಟದ್ದಲ್ಲ. ಒಂದು ಪದಾರ್ಥ ಹೋದರೆ ಇನ್ನೊಂದರಿಂದ ಸರಿದೂಗಿಸುವ ಜಾಣ್ಮೆ ಅದಕ್ಕಿದೆ. ಎಲ್ಲವೂ ಒಟ್ಟಿಗೆ ಹೊರಟರೆ ಆ ಜಾಣ್ಮೆಗೂ ಹಿಡಿಯಲು ಕೊಂಬೆಯಿಲ್ಲ.

ಕಾಚಂಪುಳಿಯ ಮರಕ್ಕೆ ಒಮ್ಮೆ ಜಗತ್ತಿನ ಕಣ್ಣೂ ಬಿದ್ದಿತ್ತು. 1990ರ ದಶಕದಲ್ಲಿ ಇದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆಂದು ಅಮೆರಿಕದಲ್ಲಿ ಮಾತ್ರೆಗಳು ಬಂದವು, ಪಶ್ಚಿಮ ಘಟ್ಟದುದ್ದಕ್ಕೂ ಹಣ್ಣಿಗೆ ಮುಗಿಬಿದ್ದರು. ಬಲಿಯುವ ಮೊದಲೇ ಕಿತ್ತರು, ಕೊಂಬೆ ಕಡಿದರು, ಒಣಗಿಸಲು ಕಾಡಿನ ಸೌದೆ ಸುಟ್ಟರು. 1998ರಲ್ಲಿ ಅಮೆರಿಕನ್ ವೈದ್ಯರ ಅಧ್ಯಯನವೊಂದು ಅದರಿಂದ ತೂಕ ಇಳಿಯುವುದಿಲ್ಲ ಎಂದು ತೋರಿಸಿತು. ಭರಾಟೆ ತಣ್ಣಗಾಯಿತು, ಕಡಿದ ಕೊಂಬೆ ಮರಳಿ ಬರಲು ವರ್ಷಗಳು ಬೇಕಾದವು. ಬೀಜದಿಂದ ಎದ್ದ ಗಿಡ ಹಣ್ಣು ಬಿಡಲು ಹತ್ತು ವರ್ಷದ ಆಸುಪಾಸು ಕಾಯಬೇಕು, ಕಾದ ಮೇಲೂ ಅದು ಗಂಡು ಮರವೆಂದು ತಿಳಿಯಬಹುದು. ಹೆಣ್ಣು ಮರದ ಕಸಿಯಾದರೆ ಬೇಗ ಫಲ. ಕಾಫಿಗೆ ನೆರಳೆಂದು ಎಲ್ಲೆಡೆ ಸಿಲ್ವರ್ ಓಕ್ ನೆಡುವ ತೋಟದವರು ಎಕರೆಗೆ ನಾಲ್ಕಾದರೂ ಈ ಕಸಿ ಗಿಡ ನೆಟ್ಟರೆ ಕಾಚಂಪುಳಿಯ ಚಿಂತೆ ಒಂದು ತಲೆಮಾರಿಗೆ ತೀರುತ್ತದೆ. ಇಡೀ ಸಮಸ್ಯೆಯಲ್ಲಿ ಸುಲಭವಾದ ಭಾಗ ಇದು.

ನೆಟ್ಟವರ ಊಟ

ಕಷ್ಟದ ಭಾಗ ಬೇರೆ ಇದೆ. ಕೊಡಗಿನ ಗದ್ದೆಯ ಹೆಮ್ಮೆ ಹೇಳುವಾಗ ಆ ಗದ್ದೆಯಲ್ಲಿ ನಡು ಬಗ್ಗಿಸಿದವರ ಹೆಸರು ಬಹಳ ಸಲ ಬಿಟ್ಟುಹೋಗುತ್ತದೆ. ದಕ್ಷಿಣ ಕೊಡಗಿನ ಬಯಲುಗಳಲ್ಲಿ ನಾಟಿ ಮಾಡಿದವರು, ಕೊಯ್ದವರು ಬಹುಪಾಲು ಎರವರು. ತಮ್ಮನ್ನು ರಾವುಳರೆಂದು ಕರೆದುಕೊಳ್ಳುವ ಈ ಜನ ತಲೆತಲಾಂತರ ಒಡೆಯರ ಮನೆಗೆ ಕಟ್ಟುಬಿದ್ದು ದುಡಿದರು. ಜೀತ ಕಾನೂನಿನ ಪ್ರಕಾರ ಕೊನೆಯಾದದ್ದು 1976ರಲ್ಲಿ. ಗದ್ದೆ ಅಷ್ಟು ಅಗ್ಗವಾಗಿ ನಡೆದದ್ದರಲ್ಲಿ ಆ ಕಟ್ಟಿನ ಪಾಲು ದೊಡ್ಡದು. ಹಳೆಯ ಬಯಲು ಹಸಿರಾಗಿತ್ತು ಎಂದು ನೆನೆಯುವಾಗ ಈ ಮಾತನ್ನೂ ಜೊತೆಗಿಟ್ಟುಕೊಳ್ಳದಿದ್ದರೆ ಆ ನೆನಪು ಅರ್ಧ ಸುಳ್ಳು.

ಗದ್ದೆಯ ಏಡಿ, ಸಣ್ಣ ಮೀನು, ಬದುವಿನ ಸೊಪ್ಪು ಎರವರ ಮನೆಗೆ ಮಳೆಗಾಲದ ಮುಖ್ಯ ಆಹಾರವೇ ಆಗಿತ್ತು. ಯಾವ ಕಾಡುಗೆಣಸಿನ ಬಳ್ಳಿ ಎಲ್ಲಿ ಹಬ್ಬಿದೆ, ಯಾವುದನ್ನು ಹಾಗೇ ಬೇಯಿಸಬಹುದು, ಯಾವುದರ ಕಹಿ ತೊಳೆದು ತೆಗೆಯಬೇಕು, ಗೆಡ್ಡೆ ಅಗೆದ ಮೇಲೆ ಬುಡದ ತುಂಡು ಮತ್ತೆ ಹೂತು ಬಂದರೆ ಮುಂದಿನ ವರ್ಷಕ್ಕೂ ಉಂಟು ಎಂಬ ವಿವೇಕ ಎರವರಲ್ಲೂ ಜೇನುಕುರುಬ, ಬೆಟ್ಟಕುರುಬರಲ್ಲೂ ಇದೆ. ಗಡಿಯಾಚೆ ವಯನಾಡಿನ ಕಲ್ಪೆಟ್ಟದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಕೇಂದ್ರ 1997ರಿಂದ ಇಂಥ ಕಾಡು ಆಹಾರದ ತಿಳಿವನ್ನು ಅಲ್ಲಿನ ಪಣಿಯ, ಕಾಟ್ಟುನಾಯ್ಕರ ನಡುವೆ ದಾಖಲಿಸುತ್ತ ಬಂದಿದೆ. ಅಲ್ಲಿಯೂ ಗದ್ದೆ ಬಾಳೆತೋಟವಾದ ಕಡೆ ಮೊದಲು ಕಡಿಮೆಯಾದದ್ದು ಬಡವರ ತಟ್ಟೆಯ ಸೊಪ್ಪು, ಮೀನು.

ಈಗ ರಾಜ್ಯ ಸರ್ಕಾರ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಕುಟುಂಬಗಳಿಗೆ ಬೇಳೆ, ಮೊಟ್ಟೆ, ಎಣ್ಣೆ, ಬೆಲ್ಲ ಸೇರಿದ ಪೌಷ್ಟಿಕ ಆಹಾರ ಕೊಡುತ್ತದೆ. ಕೊಡಲೇಬೇಕು, ಕೂಲಿ ಇಲ್ಲದ ಮಳೆಗಾಲದ ತಿಂಗಳುಗಳಲ್ಲಿ ಅದು ಜೀವ ಹಿಡಿಯುವ ಆಸರೆ. ಆದರೆ ಹಿಂದೆ ಇದೇ ತಿಂಗಳುಗಳಲ್ಲಿ ಕಾಡು, ಗದ್ದೆ, ತೋಡು ಮೂರೂ ಉಣ್ಣಲು ಕೊಡುತ್ತಿದ್ದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅಲ್ಲಿಂದ ಎಷ್ಟೋ ಹಾಡಿಗಳನ್ನು ಎತ್ತಿದರು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಾಡಿಯವರ ಹಕ್ಕನ್ನು ಅದು ಒಪ್ಪಿಕೊಳ್ಳುತ್ತದೆ. ಕಾಗದದ ಮೇಲಿನ ಆ ಹಕ್ಕು ಕಳಲೆ ಮುರಿಯುವ ಕೈವರೆಗೆ ಧೈರ್ಯವಾಗಿ ತಲುಪಬೇಕು. ಕೊಡಗಿನ ಆಹಾರ ಮೇಳಗಳಲ್ಲಿ ಐನ್‌ಮನೆಯ ಅಡುಗೆಗೆ ಸಿಗುವ ಮಳಿಗೆಯಷ್ಟೇ ದೊಡ್ಡ ಮಳಿಗೆ ಹಾಡಿಯ ಗೆಣಸು, ಸೊಪ್ಪಿಗೂ ಸಿಗಬೇಕು. ಅದನ್ನು ಮಾರಿದ ಹಣ ಹಾಡಿಯ ಹೆಂಗಸರ ಕೈಗೇ ಹೋಗಬೇಕು.

ತೋಟದ ಕೂಲಿಗಾರರ ಲೈನ್‌ಮನೆಗಳಲ್ಲಿ ಇವತ್ತು ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳಿವೆ. ಅವರೂ ಭತ್ತದ ನಾಡಿನವರು, ಹೊಲದ ಮೀನು ಬಲ್ಲವರು. ಕೊಡಗಿನ ಗದ್ದೆಗೆ ಮುಂದೆ ಇಳಿಯುವ ಕಾಲು ಯಾರದ್ದಾದರೂ ಆಗಿರಬಹುದು. ಇಳಿದವರಿಗೆ ನ್ಯಾಯವಾದ ಕೂಲಿ ಇರಬೇಕು, ಅಷ್ಟೇ.

ಗದ್ದೆಗೆ ಗೌರವಧನ

ಜುಲೈ ಬಂತೆಂದರೆ ಕೊಡಗಿನುದ್ದಕ್ಕೂ ಕೆಸರುಗದ್ದೆ ಕ್ರೀಡೆಗಳು. ಓಟ, ಹಗ್ಗಜಗ್ಗಾಟ, ಕೆಸರಿನಲ್ಲಿ ಫುಟ್‌ಬಾಲ್. ಶಾಲೆಗಳು ಮಕ್ಕಳನ್ನು ಕರೆತಂದು ಒಂದು ದಿನ ನಾಟಿ ಮಾಡಿಸುತ್ತವೆ. ಹೋಂಸ್ಟೇ ನಡೆಸುವ ಕೆಲವರು ತಮ್ಮ ಗದ್ದೆಯ ಅಕ್ಕಿಯಿಂದಲೇ ಅತಿಥಿಗಳಿಗೆ ಪುಟ್ಟು ಮಾಡಿ ಬಡಿಸುತ್ತಾರೆ. ಮಹಿಳಾ ಗುಂಪುಗಳು ಪಂದಿ ಮಸಾಲೆ, ಉಪ್ಪಿನಕಾಯಿ, ಕಾಚಂಪುಳಿ ಮಾಡಿ ಶೀಸೆಗೆ ತುಂಬುತ್ತಿವೆ. ಇವುಗಳಲ್ಲಿ ನಾನು ಹೆಚ್ಚು ಭರವಸೆ ಇಡುವುದು ಸ್ವಂತ ಗದ್ದೆಯ ಅಕ್ಕಿ ಬಡಿಸುವವರ ಮೇಲೆ. ಪ್ರವಾಸಿ ಕೊಡುವ ಹಣ ಅಲ್ಲಿ ಗದ್ದೆಗೆ ಇಳಿಯುತ್ತದೆ. ಬೆಂಬಲ ಬೆಲೆಗೆ ಮಾರುವ ಭತ್ತ ಒಂದು ತಟ್ಟೆ ನೂಪುಟ್ಟಾಗಿ ಊಟದ ಮೇಜಿಗೆ ಬಂದಾಗ ಅದರ ಬೆಲೆಯೇ ಬೇರೆ. ಕೊಡಗಿನ ಹೆಸರಲ್ಲಿ ಊಟ ಮಾರುವ ಪ್ರತಿಯೊಂದು ಹೋಟೆಲೂ ಕೊಡಗಿನಲ್ಲೇ ಬೆಳೆದ ಅಕ್ಕಿ ಕೊಳ್ಳಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಅಷ್ಟರಿಂದಲೇ ಬಯಲು ಉಳಿಯದು. ನೆರೆಯ ಕೇರಳ 2008ರಲ್ಲೇ ಗದ್ದೆ ಮತ್ತು ಜೌಗು ನೆಲ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆ ಮಾಡಿ ಗದ್ದೆಗೆ ಮಣ್ಣು ತುಂಬಿಸುವುದಕ್ಕೆ ತಡೆ ಹಾಕಿತು. ಆ ಕಾಯ್ದೆಗೆ ತೂತುಗಳಿವೆ, ಜಗಳಗಳಿವೆ, ಆದರೂ ಅದು ಇದೆ. 2020ರಲ್ಲಿ ಅದೇ ರಾಜ್ಯ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ರೈತನಿಗೆ ಹೆಕ್ಟೇರಿಗೆ ವರ್ಷಕ್ಕೆ ₹2000 ಗೌರವಧನ ಕೊಡಲು ಶುರುಮಾಡಿತು. ಮೊತ್ತ ಸಣ್ಣದು. ಅದರ ಹಿಂದಿನ ಮಾತು ದೊಡ್ಡದು: ಗದ್ದೆ ನೀರು ಹಿಡಿಯುತ್ತದೆ, ನೆಲಕ್ಕೆ ಇಂಗಿಸುತ್ತದೆ, ಪ್ರವಾಹ ತಡೆಯುತ್ತದೆ, ಆ ಉಪಕಾರ ಊರಿಗೆಲ್ಲ ಸಲ್ಲುತ್ತದೆ, ಹಾಗಾಗಿ ರೈತನೊಬ್ಬನೇ ಅದರ ನಷ್ಟ ಹೊರಬಾರದು. ಕುಟ್ಟದ ಹತ್ತಿರ ಗಡಿ ದಾಟಿದರೆ ಆ ಕಾನೂನಿನ ನೆಲ; ಈಚೆಗೆ ಕಾವೇರಿ ಹುಟ್ಟುವ ಜಿಲ್ಲೆ, ಇಲ್ಲಿನ ಗದ್ದೆಗೆ ಅಂಥ ಲೆಕ್ಕವಿಲ್ಲ.

ಕೊಡಗಿನ ಬಯಲುಗಳು ಮಳೆಗಾಲದುದ್ದಕ್ಕೂ ಹಿಡಿದಿಟ್ಟು ನಿಧಾನವಾಗಿ ಬಿಡುವ ನೀರನ್ನು ಬೆಂಗಳೂರು, ಮೈಸೂರು, ಮಂಡ್ಯ ಕುಡಿಯುತ್ತವೆ. 2024ರ ನವೆಂಬರಿನಲ್ಲಿ ರಾಜ್ಯದ ಅರಣ್ಯ ಸಚಿವರು ಪಶ್ಚಿಮ ಘಟ್ಟದ ರಕ್ಷಣೆಗೆಂದು ನಗರಗಳ ನೀರಿನ ಬಿಲ್ಲಿನ ಮೇಲೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕುವ ಪ್ರಸ್ತಾವ ಸಿದ್ಧಪಡಿಸಲು ಅಧಿಕಾರಿಗಳಿಗೆ ಹೇಳಿದ್ದರು. ಆ ಮಾತು ಕಾಡಿನ ಬಗ್ಗೆ ಇತ್ತು. ಅಂಥ ನಿಧಿಯೊಂದು ನಿಜಕ್ಕೂ ಹುಟ್ಟುವುದಾದರೆ ಅದರಲ್ಲಿ ಕೊಡಗಿನ ಗದ್ದೆಗೂ ಒಂದು ಪಾಲಿರಬೇಕು: ನೆಟ್ಟ ಪ್ರತಿ ಎಕರೆಗೆ ಇಷ್ಟೆಂದು ಗೌರವಧನ, ಆನೆ ತುಳಿದ ಗದ್ದೆಗೆ ಅದೇ ವರ್ಷದ ಒಳಗೆ ಪರಿಹಾರ, ಕಿರುಗದ್ದೆಗೆ ಇಳಿಯುವ ಸಣ್ಣ ಯಂತ್ರಗಳು ಪಂಚಾಯಿತಿಯಲ್ಲಿ ಬಾಡಿಗೆಗೆ. ಕೊಡಗಿನ ಶಾಸಕರೂ ಕೊಡವ, ಗೌಡ ಸಮಾಜಗಳೂ ಹಾಡಿಗಳ ಮುಖಂಡರೂ ಸೇರಿ ಈ ಬೇಡಿಕೆಯನ್ನು ಒಂದೇ ದನಿಯಲ್ಲಿ ವಿಧಾನಸೌಧದ ಮುಂದಿಡಬೇಕು, ಅದೂ ಮುಂದಿನ ಅಗೆ ಹಾಕುವ ಹೊತ್ತಿಗಿಂತ ಮೊದಲು.